ಕೆಲಸ ಬೇಕು ಅಂತ ಬಾಯಿ ಬಿಟ್ಟು ಹೇಳಿ

(ತುಮಕೂರಿನ ಪದವಿ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಕೈ ಎತ್ತಿದರೆ ಸಾಕು. ಕೆಲಸ ಹುಡುಕುವ ಆ್ಯಪ್ ಯಾರ್ಯಾರ ಮೊಬೈಲ್‌ನಲ್ಲಿದೆ? ಸರಿ, ಹೆಚ್ಚು ಕಡಿಮೆ ಎಲ್ಲರ ಹತ್ತಿರವೂ ಇದೆ. ಈಗ ಎರಡನೆಯದು. ಕಳೆದ ಒಂದು ತಿಂಗಳಲ್ಲಿ, ಮನೆಯವರನ್ನೂ ಕ್ಲಾಸಿನ ಗೆಳೆಯರನ್ನೂ ಬಿಟ್ಟು ಬೇರೆ ಯಾರಿಗಾದರೂ "ನನಗೆ ಕೆಲಸ ಬೇಕು, ಇಂಥ ಕೆಲಸ ನೋಡ್ತಾ ಇದ್ದೀನಿ" ಅಂತ ಹೇಳಿದವರು ಎಷ್ಟು ಜನ? ಒಂದು, ಎರಡು... ನಾಲ್ಕು ಕೈ. ಹಾಲ್ ತುಂಬಾ ಜನ ಇದ್ದೀರಿ, ಬರೀ ನಾಲ್ಕು ಕೈ. ಇವತ್ತು ನಾನು ಮಾತಾಡುವುದು ಈ ಎರಡನೇ ಪ್ರಶ್ನೆಯ ಬಗ್ಗೆ.

ನಾನು ಇಪ್ಪತ್ತೆರಡು ವರ್ಷ ಕಾರ್ಖಾನೆಗಳ ಪರ್ಸನಲ್ ವಿಭಾಗದಲ್ಲಿ ಕೆಲಸ ಮಾಡಿದವಳು. ಈಗ ಅದನ್ನು ಎಚ್‌ಆರ್ ಅನ್ನುತ್ತಾರೆ. ಮೊದಲು ಅಂತರಸನಹಳ್ಳಿ, ಆಮೇಲೆ ಹಿರೇಹಳ್ಳಿ, ಕೊನೆಗೆ ವಸಂತನರಸಾಪುರ, ಎಲ್ಲವೂ ತುಮಕೂರಿನ ಸುತ್ತಲಿನ ಕೈಗಾರಿಕಾ ಪ್ರದೇಶಗಳು. ಕೆಲಸ ಕೇಳಿಕೊಂಡು ಬಂದವರನ್ನು ಮೇಜಿನ ಆ ಕಡೆ ಕೂತು ನೋಡಿದ್ದೇನೆ. ನಡುವೆ ಸ್ವಲ್ಪ ಕಾಲ ಈ ಕಡೆಯೂ ಕೂತಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಒಂದು ಕೆಲಸ ಖಾಲಿಯಾಗುವುದು ಹೇಗೆ ಅಂತ ಯೋಚನೆ ಮಾಡಿದ್ದೀರಾ? ಪೋರ್ಟಲ್‌ನಲ್ಲಿ ಕಾಣಿಸಿಕೊಂಡಾಗ ಅದು ಅವತ್ತೇ ಹುಟ್ಟಿದ ಹಾಗೆ ಇರುತ್ತದೆ. ಆದರೆ ಅಷ್ಟೊತ್ತಿಗೆ ಅದು ಹುಟ್ಟಿ ಎಷ್ಟೋ ದಿನ ಆಗಿರುತ್ತದೆ. ನಾನು ಕಂಡ ಹಾಗೆ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಡಿಸ್ಪ್ಯಾಚ್ ಸೂಪರ್‌ವೈಸರ್ ನನ್ನ ಮೇಜಿನ ಹತ್ತಿರ ಬರುತ್ತಾರೆ. "ಮೇಡಂ, ಬಿಲ್ ಹಾಕೋ ಹುಡುಗ ಬಂದಿಲ್ಲ. ಫೋನ್ ಮಾಡಿದ್ರೆ ಬೆಂಗಳೂರಲ್ಲಿ ಸೇರ್ಕೊಂಡೆ ಅಂತಾನೆ. ಹೊರಗಡೆ ಎರಡು ಲಾರಿ ನಿಂತಿದೆ." ಕೆಲಸ ಖಾಲಿಯಾಗುವುದು ಆ ಹೊತ್ತಿಗೆ. ಅದು ಆಗ ಜಾಹೀರಾತಲ್ಲ, ಒಬ್ಬ ಮನುಷ್ಯನ ತಲೆನೋವು.

ಆಗ ನಾನು ಏನು ಮಾಡುತ್ತಿದ್ದೆ? ಕಂಪ್ಯೂಟರ್ ಮುಂದೆ ಕೂರುತ್ತಿರಲಿಲ್ಲ. ಮೊದಲು ನನ್ನ ಮೇಜಿನ ಡ್ರಾಯರ್ ಎಳೆಯುತ್ತಿದ್ದೆ. ಗೇಟಿಗೆ ಬಂದು ಬಯೋಡೇಟಾ ಕೊಟ್ಟು ಹೋದವರ ಕಾಗದಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಅದರಲ್ಲಿ ಇಟ್ಟಿರುತ್ತಿದ್ದೆ. ಅದರಲ್ಲಿ ಯಾರೂ ಸರಿಹೋಗದಿದ್ದರೆ ಸೂಪರ್‌ವೈಸರ್‌ನ್ನೇ ಕೇಳುತ್ತಿದ್ದೆ, "ನಿಮಗೆ ಯಾರಾದ್ರೂ ಗೊತ್ತಾ?" ಆಮೇಲೆ ಅಕೌಂಟ್ಸ್‌ನವರನ್ನು. ಆಮೇಲೆ ಕ್ಯಾಂಟೀನ್ ನಡೆಸುವವರನ್ನು. ಸಂಜೆಯೊಳಗೆ ಎರಡೋ ಮೂರೋ ಹೆಸರು ಬಂದಿರುತ್ತಿತ್ತು. ಅವರಲ್ಲಿ ಒಬ್ಬರು ಬುಧವಾರ ಬಂದು ಬಿಲ್ ಹಾಕಿ ತೋರಿಸಿದರೆ ಮುಗಿಯಿತು. ಆ ಕೆಲಸ ಯಾವ ಆ್ಯಪ್‌ನಲ್ಲೂ ಕಾಣಿಸಿಕೊಳ್ಳಲೇ ಇಲ್ಲ. ಯಾರೂ ಸಿಗಲಿಲ್ಲ ಅಂದಾಗ ಮಾತ್ರ ಮ್ಯಾನೇಜರ್ ಸಹಿ ಹಾಕಿಸಿ ಜಾಹೀರಾತು ಕೊಡುತ್ತಿದ್ದೆವು. ಅದಕ್ಕೆ ಇನ್ನೊಂದು ವಾರ.

ಜಾಹೀರಾತು ಕೊಟ್ಟ ಮೇಲೆ ಏನಾಗುತ್ತಿತ್ತು ಅನ್ನುವುದನ್ನೂ ಹೇಳಲೇಬೇಕು. ಒಂದು ಸಲ ಸ್ಟೋರ್ಸ್ ಅಸಿಸ್ಟೆಂಟ್ ಹುದ್ದೆಗೆ ಪೋರ್ಟಲ್‌ನಲ್ಲಿ ಹಾಕಿದೆವು. ಎರಡು ದಿನಕ್ಕೆ ನಾನೂರು ಚಿಲ್ಲರೆ ಅರ್ಜಿ. ನೋಡುವವರು ನಾನು, ನನ್ನ ಜೊತೆ ಒಬ್ಬ ಕ್ಲರ್ಕ್. ಸಂಬಳದ ವಾರ ಬೇರೆ. ಮೊದಲ ಐವತ್ತು ಅರವತ್ತು ಅರ್ಜಿ ತೆಗೆದು ನೋಡಿದೆ. ಅದರಲ್ಲಿ ಆರು ಜನರನ್ನು ಕರೆದೆ, ಒಬ್ಬರನ್ನು ತೆಗೆದುಕೊಂಡೆವು. ಮಿಕ್ಕ ಅರ್ಜಿಗಳನ್ನು ನಾನು ತೆರೆಯಲೇ ಇಲ್ಲ. ಅವುಗಳಲ್ಲಿ ಒಳ್ಳೆಯವರು ಇರಲಿಲ್ವಾ? ಖಂಡಿತ ಇದ್ದರು. ನನಗೆ ಈಗಲೂ ಆ ಬೇಸರ ಹೋಗಿಲ್ಲ. ನೀವು ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡು "ಅಪ್ಲೈ" ಒತ್ತುತ್ತೀರಲ್ಲ, ಅದರ ಆ ಕಡೆ ಹೀಗೂ ಇರುತ್ತದೆ. ಉತ್ತರ ಬರಲಿಲ್ಲ ಅಂದರೆ ನಿಮ್ಮನ್ನು ಬೇಡ ಅಂದರು ಅಂತ ಅರ್ಥವಲ್ಲ. ಬಹಳ ಸಲ ನಿಮ್ಮನ್ನು ಯಾರೂ ನೋಡಿಯೇ ಇರುವುದಿಲ್ಲ.

ಹಾಗಂತ ಆ್ಯಪ್ ತೆಗೆದುಹಾಕಿ ಅಂತ ಹೇಳುತ್ತಿಲ್ಲ. ಸರ್ಕಾರಿ ಕೆಲಸ, ಬ್ಯಾಂಕು, ದೊಡ್ಡ ಐಟಿ ಕಂಪನಿ, ಇವಕ್ಕೆಲ್ಲ ಆನ್‌ಲೈನ್ ಅರ್ಜಿಯೇ ದಾರಿ. ಹಾಕಿ. ದಿನಕ್ಕೆ ಅರ್ಧ ಗಂಟೆ ಸಾಕು. ಮಿಕ್ಕ ಹೊತ್ತು ಏನು ಮಾಡಬೇಕು ಅನ್ನುವುದು ಈಗಿನ ಮಾತು.

ನಮ್ಮ ಮನೆಗಳಲ್ಲಿ ಹುಡುಗಿಗೆ ಗಂಡು ಹುಡುಕುವಾಗ ಏನು ಮಾಡುತ್ತಾರೆ, ನೆನಪು ಮಾಡಿಕೊಳ್ಳಿ. ಅಮ್ಮಂದಿರೂ ಇಲ್ಲೇ ಕೂತಿದ್ದೀರಿ. ಸೋದರಮಾವನಿಗೆ ಹೇಳುತ್ತಾರೆ. ಸೀರೆ ಅಂಗಡಿಯವರಿಗೆ ಹೇಳುತ್ತಾರೆ. ಬೇರೆಯವರ ಮದುವೆಗೆ ಹೋದಾಗ ಪಕ್ಕದ ಎಲೆಯಲ್ಲಿ ಊಟಕ್ಕೆ ಕೂತವರಿಗೂ ಹೇಳುತ್ತಾರೆ. "ನಮ್ಮ ಹುಡುಗಿ ಇದ್ದಾಳೆ, ಡಿಗ್ರಿ ಆಗಿದೆ, ನಿಮ್ಮ ಕಡೆ ಯಾರಾದ್ರೂ ಇದ್ರೆ ನೋಡಿ." ಹೇಳಲು ನಾಚಿಕೆ ಪಡುವುದಿಲ್ಲ. ಹಸು ಮಾರಬೇಕು ಅಂದರೂ ಹಾಗೇ, ಬಾಡಿಗೆಗೆ ಮನೆ ಬೇಕು ಅಂದರೂ ಹಾಗೇ. ಎಲ್ಲರಿಗೂ ಹೇಳುತ್ತೇವೆ.

ಅದೇ ಕೆಲಸದ ವಿಷಯ ಬಂದರೆ? ಬಾಯಿ ಕಟ್ಟಿಹೋಗುತ್ತದೆ. "ಮಗ ಏನ್ ಮಾಡ್ತಾ ಇದ್ದಾನೆ?" ಅಂತ ಯಾರಾದರೂ ಕೇಳಿದರೆ "ಓದ್ತಾ ಇದ್ದಾನೆ, ಎಕ್ಸಾಮ್ ಬರೀತಾನೆ" ಅಂದು ಮಾತು ತೇಲಿಸುತ್ತೇವೆ. ಕೆಲಸ ಇಲ್ಲ ಅನ್ನುವುದನ್ನು ಕಾಯಿಲೆಯ ಹಾಗೆ ಮುಚ್ಚಿಡುತ್ತೇವೆ.

ನಾನೂ ಮುಚ್ಚಿಟ್ಟಿದ್ದೆ. ಈ ಕಡೆಯೂ ಕೂತಿದ್ದೇನೆ ಅಂದೆನಲ್ಲ, ಅದು ಈ ಕಥೆ. ನಾನು ಮೊದಲು ಸೇರಿದ್ದ ಕಾರ್ಖಾನೆ ಒಂದು ದಿನ ಬಾಗಿಲು ಹಾಕಿತು. ಎರಡು ತಿಂಗಳ ಸಂಬಳ ಬಾಕಿ ಇಟ್ಟುಕೊಂಡೇ ಹಾಕಿತು. ಐದು ತಿಂಗಳು ನಾನು ಮನೆಯಲ್ಲಿದ್ದೆ. ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ರಜೆ ಹಾಕಿದ್ದೀನಿ ಅನ್ನುತ್ತಿದ್ದೆ. ಪೇಪರ್‌ನಲ್ಲಿ ಬಂದ ಜಾಹೀರಾತುಗಳಿಗೆಲ್ಲ ಅರ್ಜಿ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಒಂದು ಸಂಜೆ ರಾಗಿ ಬೀಸಿಸಲು ಫ್ಲೋರ್ ಮಿಲ್‌ಗೆ ಹೋದೆ. ಕರೆಂಟ್ ಹೋಯಿತು. ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡು ಐದಾರು ಜನ ಹೆಂಗಸರು ಜಗಲಿ ಮೇಲೆ ಕೂತೆವು. ಪಕ್ಕದಲ್ಲಿ ಕೂತಿದ್ದವರ ಮುಖ ನೋಡಿ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಆ ಮಿಲ್‌ನಲ್ಲೇ ಎರಡು ಮೂರು ಸಲ ನೋಡಿದ್ದೆ, ಅಷ್ಟೇ. "ಏನಮ್ಮ, ಈ ನಡುವೆ ಫ್ಯಾಕ್ಟರಿ ಬಸ್ಸಿಗೆ ನಿಂತಿದ್ದು ಕಾಣಿಸ್ಲಿಲ್ಲ" ಅಂದರು. ಅವತ್ತು ಯಾಕೋ ಸುಳ್ಳು ಹೇಳಲು ಆಗಲಿಲ್ಲ. "ಫ್ಯಾಕ್ಟರಿ ಮುಚ್ಚಿದ್ರು ಅಕ್ಕ, ಕೆಲಸ ನೋಡ್ತಾ ಇದ್ದೀನಿ. ಹಾಜರಿ, ಸಂಬಳ, ಪಿಎಫ್ ಲೆಕ್ಕ ನೋಡ್ಕೊಳ್ತಾ ಇದ್ದೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮೈದುನ ಹಿರೇಹಳ್ಳಿಲಿ ಇದ್ದಾನೆ. ಪಿಎಫ್ ಲೆಕ್ಕ ನೋಡೋರು ಬಿಟ್ಟು ಹೋಗಿದ್ದಾರೆ ಅಂತ ಮೊನ್ನೆ ಬೈಕೊಳ್ತಾ ಇದ್ದ, ಕೇಳ್ತೀನಿ ಇರು" ಅಂದರು. ಕರೆಂಟ್ ಬಂತು. ಬಿಸಿ ಹಿಟ್ಟಿನ ಡಬ್ಬವನ್ನು ಸೊಂಟಕ್ಕೆ ಒತ್ತಿಕೊಂಡು ಮನೆಗೆ ಬಂದೆ. ಎಂಟನೇ ದಿನ ಹಿರೇಹಳ್ಳಿಯಲ್ಲಿ ಕೆಲಸಕ್ಕೆ ಸೇರಿದೆ.

ಐದು ತಿಂಗಳು ನನ್ನ ಅಣ್ಣ, ನನ್ನ ಆಪ್ತ ಗೆಳತಿಯರು ಏನೂ ಮಾಡಲು ಆಗಿರಲಿಲ್ಲ. ಅವರಿಗೆ ಪ್ರೀತಿ ಕಡಿಮೆಯಾಗಿತ್ತು ಅಂತಲ್ಲ. ನನಗೆ ಗೊತ್ತಿದ್ದ ಸುದ್ದಿಯೇ ಅವರಿಗೂ ಗೊತ್ತಿತ್ತು. ಹೆಸರೂ ಗೊತ್ತಿಲ್ಲದ ಆ ಅಕ್ಕನ ಮನೆಗೆ ಬೇರೆ ಕಡೆಯ ಸುದ್ದಿ ಬರುತ್ತಿತ್ತು.

ಎಷ್ಟೋ ವರ್ಷ ಆದ ಮೇಲೆ ನನಗೆ ಗೊತ್ತಾಯಿತು, ಇದನ್ನು ಅಧ್ಯಯನ ಮಾಡಿದವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದರ ಬಗ್ಗೆ ಬರೆದರು. ಬಾಸ್ಟನ್ ಪಕ್ಕದ ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಅವರು ಮಾತಾಡಿಸಿದ್ದರು. ಪರಿಚಯದಿಂದ ಕೆಲಸ ಸಿಕ್ಕವರನ್ನು ಒಂದು ಪ್ರಶ್ನೆ ಕೇಳಿದರು. ಸುದ್ದಿ ಕೊಟ್ಟವರನ್ನು ಆಗ ನೀವು ಎಷ್ಟು ಸಲ ನೋಡುತ್ತಿದ್ದಿರಿ? ಮೇಲಿಂದ ಮೇಲೆ ನೋಡುತ್ತಿದ್ದೆ ಅಂದವರು ನೂರಕ್ಕೆ 16.7. ಆಗೊಮ್ಮೆ ಈಗೊಮ್ಮೆ ಅಂದವರು 55.6. ಅಪರೂಪಕ್ಕೆ ಅಂದವರು 27.8. ಅವರು ಮಾತಾಡಿಸಿದವರು ಕಡಿಮೆ ಜನ. ಆದರೆ 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಐದು ವರ್ಷಗಳ ಮಾಹಿತಿ ಇಟ್ಟುಕೊಂಡು ಇನ್ನೊಂದು ಅಧ್ಯಯನ ಬಂತು. ಅಲ್ಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ತೀರಾ ಆಪ್ತರಲ್ಲ, ತೀರಾ ಅಪರಿಚಿತರೂ ಅಲ್ಲ. ಮುಖ ಪರಿಚಯದವರು, ನಮಗೂ ಅವರಿಗೂ ಗೊತ್ತಿರುವ ಕೆಲವು ಸ್ನೇಹಿತರು ಇರುವಂಥವರು. ನಮ್ಮ ಫ್ಲೋರ್ ಮಿಲ್ ಅಕ್ಕನಂಥವರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇದು ವಶೀಲಿ ಅಲ್ವಾ ಅಂತ ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಕೇಳಬೇಕಾದ ಪ್ರಶ್ನೆಯೇ. ಕೆಲಸ ಬಾರದವನನ್ನು ದೊಡ್ಡವರ ಫೋನಿನಿಂದ ಒಳಗೆ ನುಗ್ಗಿಸುವುದು ವಶೀಲಿ. ಅದರಿಂದ ಅರ್ಹತೆ ಇರುವವರಿಗೆ ಅನ್ಯಾಯ ಆಗುತ್ತದೆ. ನಾನು ಅದನ್ನು ಹತ್ತಿರದಿಂದ ಕಂಡಿದ್ದೇನೆ, ಒಂದು ದಿನವೂ ಒಪ್ಪಿಲ್ಲ. ನಾನು ಹೇಳುತ್ತಿರುವುದು ಸುದ್ದಿಯ ಬಗ್ಗೆ. ಇಂಥ ಕಡೆ ಜಾಗ ಖಾಲಿ ಇದೆ ಅನ್ನುವ ಸುದ್ದಿ ನಿಮ್ಮ ಕಿವಿಗೆ ಬೀಳಬೇಕು. ಇಂಥ ಹುಡುಗಿ ಇದ್ದಾಳೆ ಅನ್ನುವ ಸುದ್ದಿ ಅವರ ಕಿವಿಗೆ ಬೀಳಬೇಕು. ಆಮೇಲೆ ಕೂತು ಬಿಲ್ ಹಾಕಿ ತೋರಿಸಬೇಕಾದವರು ನೀವೇ. ಪಟ್ಟಣದ, ಅನುಕೂಲಸ್ಥರ ಮಕ್ಕಳಿಗೆ ಈ ಸುದ್ದಿ ಊಟದ ಮನೆಯಲ್ಲೇ ಸಿಗುತ್ತದೆ. ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದಿದ ಮಕ್ಕಳಿಗೆ ಸಿಗುವುದಿಲ್ಲ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಸುದ್ದಿ ಇರುವುದು ಯಾರ ಹತ್ತಿರ? ಎಲ್ಲರೂ ದೊಡ್ಡ ಅಧಿಕಾರಿಗಳ ಹೆಸರು ಹೇಳುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಸುದ್ದಿ ಇರುವುದು ಹತ್ತು ಕಡೆ ಓಡಾಡುವವರ ಹತ್ತಿರ. ಕಂಪ್ರೆಸರ್, ಜನರೇಟರ್, ತೂಕದ ಮೆಷಿನ್ ರಿಪೇರಿಗೆ ಬರುವ ಸರ್ವೀಸ್ ಹುಡುಗ ವಾರಕ್ಕೆ ಹತ್ತು ಹದಿನೈದು ಕಾರ್ಖಾನೆ ಒಳಗೆ ಹೋಗಿ ಬರುತ್ತಾನೆ. ಎಲ್ಲಿ ಹೊಸ ಮೆಷಿನ್ ಇಳಿಸುತ್ತಿದ್ದಾರೆ, ಎಲ್ಲಿ ಮೂರನೇ ಶಿಫ್ಟ್ ಶುರುವಾಗುತ್ತಿದೆ, ಎಲ್ಲಿ ಜನ ಬಿಟ್ಟು ಹೋಗುತ್ತಿದ್ದಾರೆ, ಅವನಿಗೆ ಎಲ್ಲ ಗೊತ್ತು. ಆಡಿಟರ್ ಆಫೀಸಿನ ಗುಮಾಸ್ತರಿಗೆ ಇಪ್ಪತ್ತು ಮೂವತ್ತು ಅಂಗಡಿ, ಮಿಲ್ಲು, ಫ್ಯಾಕ್ಟರಿಯ ಲೆಕ್ಕ ಗೊತ್ತು. ಬಿಕಾಂ ಓದಿದವರು ಅವರನ್ನು ಮೊದಲು ಕಾಣಬೇಕು. ಕಾರ್ಖಾನೆ ಗೇಟಿನ ಎದುರು ಟೀ ಅಂಗಡಿ ಇಟ್ಟವರು ಇನ್ನೊಬ್ಬರು. ಇದೇ ಕಾಲೇಜಿನಲ್ಲಿ ಎರಡು ವರ್ಷ ಹಿಂದೆ ಓದಿ ಹೋದ ಸೀನಿಯರ್‌ಗಳು ಮತ್ತೊಬ್ಬರು. ಅವರ ಹೆಸರು ನಿಮ್ಮ ಲೆಕ್ಚರರ್ ಹತ್ತಿರ ಇರುತ್ತದೆ, ಕೇಳಿ.

ಬೆಳಗಿನ ರೈಲು ಮರೆಯಬೇಡಿ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಸೀಸನ್ ಟಿಕೆಟ್ ಮಾಡಿಸಿಕೊಂಡು ದಿನಾ ಹೋಗಿ ಬರುವವರು ಎಷ್ಟು ಜನ ಇದ್ದಾರೆ! ಅದೇ ಬೋಗಿ, ಅದೇ ಸೀಟು, ವರ್ಷಗಟ್ಟಲೆ ಅದೇ ಮುಖಗಳು. ಒಬ್ಬರು ಬ್ಯಾಂಕು, ಒಬ್ಬರು ಪೀಣ್ಯದ ವರ್ಕ್‌ಶಾಪ್, ಒಬ್ಬರು ಆಸ್ಪತ್ರೆಯ ಲ್ಯಾಬ್. ಕೆಜಿಎಫ್, ಬಂಗಾರಪೇಟೆ ಕಡೆಯ ರೈಲುಗಳಲ್ಲೂ ಹೀಗೇ. ನಿಮ್ಮ ಬೀದಿಯಲ್ಲಿ ಹಾಗೆ ರೈಲಿಗೆ ಹೋಗುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಹೇಳಿದರೆ ಒಂದು ಬೋಗಿಗೇ ಹೇಳಿದ ಹಾಗೆ.

ಹೇಗೆ ಕೇಳಬೇಕು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. "ಸರ್, ಎಲ್ಲಾದ್ರೂ ಒಂದು ಕೆಲಸ ಕೊಡಿಸಿ ಸರ್." ಈ ಮಾತು ಕೇಳಿದ ಕೂಡಲೇ ಎದುರಿಗಿರುವವರಿಗೆ ಭಾರ ಅನ್ನಿಸುತ್ತದೆ. ಕೊಡಿಸುವ ಅಧಿಕಾರ ಅವರಿಗಿರುವುದಿಲ್ಲ. ನಿಮಗೆ ಏನು ಬರುತ್ತದೆ ಅಂತಲೂ ಅವರಿಗೆ ಗೊತ್ತಿರುವುದಿಲ್ಲ. "ನೋಡೋಣ" ಅನ್ನುತ್ತಾರೆ. ಆಮೇಲೆ ನಿಮ್ಮ ಫೋನ್ ಎತ್ತುವುದಿಲ್ಲ.

ಕೆಲಸ ಕೇಳಬೇಡಿ, ಸುದ್ದಿ ಕೇಳಿ. ಹೀಗೆ ಹೇಳಿ ನೋಡಿ: "ಸರ್, ನಾನು ಬಿಕಾಂ ಮುಗಿಸ್ತಾ ಇದ್ದೀನಿ. ಟ್ಯಾಲಿಯಲ್ಲಿ ಬಿಲ್ ಹಾಕೋದು, ಸ್ಟಾಕ್ ಬರೆಯೋದು ಕಲಿತಿದ್ದೀನಿ. ನಿಮ್ಮ ಕಂಪನಿಯಲ್ಲಿ ಈ ಕೆಲಸ ಯಾರು ನೋಡ್ತಾರೆ? ಹೊಸಬರನ್ನ ತಗೊಳ್ಳೋವಾಗ ಏನು ಬರಬೇಕು ಅಂತ ನೋಡ್ತಾರೆ? ಹತ್ತು ನಿಮಿಷ ಮಾತಾಡಬಹುದಾ?" ತಾವು ಮಾಡುವ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂದರೆ ಬೇಡ ಅನ್ನುವವರು ಕಡಿಮೆ. ಏಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿ: "ಇದರ ಬಗ್ಗೆ ಇನ್ಯಾರನ್ನ ಕೇಳಿದರೆ ಒಳ್ಳೇದು ಸರ್?" ಅವರು ಒಂದು ಹೆಸರು ಕೊಟ್ಟರೆ ನಿಮ್ಮ ಹತ್ತಿರ ಈಗ ಎರಡು ಬಾಗಿಲು. ಎರಡನೆಯವರಿಗೆ ಫೋನ್ ಮಾಡುವಾಗ ಮೊದಲನೆಯವರ ಹೆಸರು ಹೇಳುವುದಕ್ಕೆ ಅವರ ಒಪ್ಪಿಗೆ ತೆಗೆದುಕೊಳ್ಳಿ. ಆಮೇಲೆ ಏನಾಯಿತು ಅಂತ ಮೊದಲನೆಯವರಿಗೆ ತಿಳಿಸಿ. ಇಷ್ಟನ್ನು ಯಾರೂ ಮಾಡುವುದಿಲ್ಲ. ಮಾಡಿದವರನ್ನು ಜನ ಮರೆಯುವುದಿಲ್ಲ.

ಈಗ ನಮ್ಮ ಜಿಲ್ಲೆಯ ಕಡೆ ಬರೋಣ. ಎಲ್ಲಿ ಹೋದರೂ ಹುಡುಗರು ನನ್ನನ್ನು ಕೇಳುವುದು ಎಚ್‌ಎಎಲ್ ಬಗ್ಗೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯಿತು. ಅಲ್ಲಿಯ ಹುದ್ದೆಗಳಿಗೆ ಪ್ರಕಟಣೆ ಬರುತ್ತದೆ, ಅದನ್ನು ನೋಡಿ ಅರ್ಜಿ ಹಾಕಿ. ಆದರೆ ಕಣ್ಣೆಲ್ಲ ಅದೊಂದರ ಮೇಲೇ ಇಟ್ಟುಕೊಂಡು ಕೂರಬೇಡಿ. ದೊಡ್ಡ ಕಾರ್ಖಾನೆ ಒಂದು ಬಂದರೆ ಅದಕ್ಕೆ ಬಿಡಿಭಾಗ ಕೊಡುವವರು, ಪ್ಯಾಕಿಂಗ್ ಪೆಟ್ಟಿಗೆ ಮಾಡುವವರು, ಲಾರಿ ಓಡಿಸುವವರು, ಕ್ಯಾಂಟೀನ್ ನಡೆಸುವವರು ಸುತ್ತ ಬೆಳೆಯುತ್ತಾರೆ. ಕೋಲಾರದ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಇದೆ, ಐಫೋನ್ ಜೋಡಿಸುವ ಕಾರ್ಖಾನೆ ಇದೆ. ಅವುಗಳ ಹೆಸರು ಎಲ್ಲರಿಗೂ ಗೊತ್ತು, ಅದಕ್ಕೇ ಅಲ್ಲಿ ಸಾಲು ಉದ್ದ. ಸುತ್ತಲಿನ ಸಣ್ಣ ಯೂನಿಟ್‌ಗಳ ಹೆಸರು ಯಾರಿಗೂ ಗೊತ್ತಿಲ್ಲ. ನಲವತ್ತು ಐವತ್ತು ಜನ ಇರುವ ಅಂಥ ಯೂನಿಟ್‌ನಲ್ಲಿ ಸೇರಿದ ಹೊಸ ಹುಡುಗ ಒಂದೇ ವರ್ಷದಲ್ಲಿ ಸ್ಟೋರ್ಸ್, ಕ್ವಾಲಿಟಿ, ಡಿಸ್ಪ್ಯಾಚ್ ಮೂರೂ ಕಲಿಯುತ್ತಾನೆ.

ಆ ಹೆಸರುಗಳು ಆ್ಯಪ್‌ನಲ್ಲಿ ಸಿಗುವುದಿಲ್ಲ, ಹೋಗಿ ನೋಡಬೇಕು. ಒಂದು ದಿನ ಇಬ್ಬರು ಮೂವರು ಸೇರಿ ಹಿರೇಹಳ್ಳಿ ಸುತ್ತಿ ಬನ್ನಿ, ಇನ್ನೊಂದು ದಿನ ವಸಂತನರಸಾಪುರ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ. ಗೇಟಿನ ಬೋರ್ಡ್ ಓದಿ. ಏನು ತಯಾರು ಮಾಡುತ್ತಾರೆ, ಲಾರಿಗೆ ಏನು ಲೋಡ್ ಆಗುತ್ತಿದೆ, "ಕೆಲಸಗಾರರು ಬೇಕಾಗಿದ್ದಾರೆ" ಅಂತ ಚೀಟಿ ಅಂಟಿಸಿದ್ದಾರಾ, ಬರೆದುಕೊಳ್ಳಿ. ಬೆಳಿಗ್ಗೆ ಆರರ ಸುಮಾರಿಗೆ ಬಟವಾಡಿಯಲ್ಲೋ ಶಿರಾ ಗೇಟಿನಲ್ಲೋ ನಿಂತರೆ ಯಾವ ಕಂಪನಿ ಬಸ್ಸಿಗೆ ಎಷ್ಟು ಜನ ಹತ್ತುತ್ತಾರೆ ಅನ್ನುವುದೂ ಕಾಣುತ್ತದೆ. ಬಸ್ಸು ಒಂದಿದ್ದದ್ದು ಎರಡಾಯಿತು ಅಂದರೆ ಆ ಕಂಪನಿ ಜನ ತೆಗೆದುಕೊಳ್ಳುತ್ತಿದೆ ಅಂತಲೇ ಲೆಕ್ಕ.

ಬಯೋಡೇಟಾ ಕೊಡಲು ಹೋಗುವುದಾದರೆ ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ಹೋಗಿ. ಸೋಮವಾರ ಬೇಡ. ತಿಂಗಳ ಕೊನೆ ಬೇಡ, ಆಗ ಡಿಸ್ಪ್ಯಾಚ್ ಒತ್ತಡ, ಸಂಬಳದ ಒತ್ತಡ ಎರಡೂ ಇರುತ್ತದೆ. ಗೇಟಿನ ಸೆಕ್ಯುರಿಟಿಯವರಿಗೆ ಮೊದಲು ನಮಸ್ಕಾರ ಹೇಳಿ, ಅವರ ಹತ್ತಿರ ಸರಿಯಾಗಿ ಮಾತಾಡಿ. ಕಾಗದ ಒಳಗೆ ಬರುವುದು ಅವರ ಕೈಯಿಂದ. ಗೇಟಿನಲ್ಲಿ ಯಾರು ಹೇಗೆ ನಡೆದುಕೊಂಡರು ಅಂತ ನಾನು ಅವರನ್ನೇ ಕೇಳುತ್ತಿದ್ದೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಶಿರಾ ಕಡೆಯವನು, ಐಟಿಐ ಮಾಡಿದ್ದ. ಮೊದಲ ಸಲ ಬಂದಾಗ ಜಾಗ ಇರಲಿಲ್ಲ, ಇಟ್ಟು ಹೋಗು ಅಂದೆ. ಮುಂದಿನ ತಿಂಗಳು ಮತ್ತೆ ಬಂದ. "ಮೇಡಂ, ನನ್ನ ಕಾಗದ ಒಂದು ಸಲ ಕೊಡ್ತೀರಾ?" ಅಂದ. ಡ್ರಾಯರ್‌ನಿಂದ ತೆಗೆದು ಕೊಟ್ಟೆ. ಅದರ ಕೆಳಗಡೆ ನೀಲಿ ಪೆನ್ನಿನಲ್ಲಿ ತಾರೀಕು ಹಾಕಿ ಒಂದು ಸಾಲು ಬರೆದ: "ವರ್ನಿಯರ್ ಕ್ಯಾಲಿಪರ್, ಮೈಕ್ರೋಮೀಟರ್ ಅಳತೆ ತೆಗೆಯಲು ಬರುತ್ತದೆ." ವಾಪಸ್ ಕೊಟ್ಟು ಹೋದ. ಮೂರನೇ ತಿಂಗಳು ಇನ್ನೊಂದು ಸಾಲು: "ಸಿಎನ್‌ಸಿ ತರಬೇತಿಗೆ ಸೇರಿದ್ದೇನೆ, ಸಂಜೆ ಬ್ಯಾಚ್." ನಾಲ್ಕನೇ ತಿಂಗಳು ಬರುವ ಮೊದಲೇ ಕ್ವಾಲಿಟಿ ವಿಭಾಗದಲ್ಲಿ ಒಬ್ಬರು ಬಿಟ್ಟರು. ನಾನು ಡ್ರಾಯರ್ ತೆಗೆದರೆ ಮೇಲೆ ಇದ್ದದ್ದು ಅದೇ ಕಾಗದ. ಅವನಿಗೆ ನಮ್ಮಲ್ಲಿ ಯಾರ ಪರಿಚಯವೂ ಇರಲಿಲ್ಲ. ನೀಲಿ ಪೆನ್ನಿನ ಎರಡು ಸಾಲಿನಿಂದ ಅವನೇ ಪರಿಚಯ ಮಾಡಿಕೊಂಡಿದ್ದ.

ಅಪ್ರೆಂಟಿಸ್, ಅಂದರೆ ಕಾರ್ಖಾನೆಯಲ್ಲೇ ಇದ್ದು ಕೆಲಸ ಕಲಿಯುವವರ ವಿಷಯವನ್ನು ನಿಮ್ಮಲ್ಲಿ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯಿದೆ ಇದೆ. ಅದರ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಎಷ್ಟು ಅಂದರೆ ಒಟ್ಟು ಜನರಲ್ಲಿ ನೂರಕ್ಕೆ 2.5ರಿಂದ 15. ಅಂದರೆ 200 ಜನ ಇರುವ ಕಾರ್ಖಾನೆಯಲ್ಲಿ ಕಡಿಮೆ ಅಂದರೂ 5 ಜನ. ಇದು ಐಟಿಐ, ಡಿಪ್ಲೊಮಾದವರಿಗೆ ಮಾತ್ರ ಅಂತ ತಿಳಿದಿದ್ದೀರಿ. ಬಿಎ, ಬಿಕಾಂ, ಬಿಎಸ್ಸಿ ಮಾಡಿದವರಿಗೂ ಅವಕಾಶ ಇದೆ. ತಿಂಗಳಿಗೆ ಸ್ಟೈಪೆಂಡ್ ಕೊಡುತ್ತಾರೆ. ಸಂಬಳದಷ್ಟು ಇರುವುದಿಲ್ಲ, ಮುಗಿದ ಮೇಲೆ ಕೆಲಸ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. ಆದರೆ ಆ ಸೋಮವಾರ ಬೆಳಿಗ್ಗೆ ಲಾರಿ ನಿಂತಾಗ ನೀವು ಒಳಗೇ ಇರುತ್ತೀರಿ. ಹೊರಗೆ ಜಾಹೀರಾತಿಗೆ ಕಾಯುವವರಿಗೂ ನಿಮಗೂ ಇರುವ ವ್ಯತ್ಯಾಸ ಅದು. ಗೇಟಿಗೆ ಹೋದಾಗ "ಕೆಲಸ ಇದೆಯಾ?" ಅಂತ ಕೇಳಿ ಸುಮ್ಮನಾಗಬೇಡಿ. "ಅಪ್ರೆಂಟಿಸ್ ತಗೊಳ್ತೀರಾ?" ಅಂತಲೂ ಕೇಳಿ.

ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ, ಖರ್ಚಿಲ್ಲ. ಉದ್ಯೋಗ ಮೇಳಕ್ಕೆ ಹೋದರೆ ಬೆಳಗಿನ ನೂಕುನುಗ್ಗಲಲ್ಲಿ ಕಾಗದ ಕೊಟ್ಟು ವಾಪಸ್ ಬರಬೇಡಿ. ಮಧ್ಯಾಹ್ನ ಮೂರರ ಮೇಲೆ ಜನ ಕರಗಿರುತ್ತಾರೆ. ಆಗ ಮೇಜಿನ ಹಿಂದೆ ಕೂತವರು ಎರಡು ಮಾತಾಡುವ ಸ್ಥಿತಿಯಲ್ಲಿರುತ್ತಾರೆ. ಅವರ ಹೆಸರು, ವಿಭಾಗ ಕೇಳಿ ಬರೆದುಕೊಳ್ಳಿ.

ಒಂದು ಎಚ್ಚರಿಕೆ. ಕೆಲಸ ಕೊಡುವ ಮುಂಚೆ ಯಾರು ದುಡ್ಡು ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ರಿಜಿಸ್ಟ್ರೇಷನ್, ಯೂನಿಫಾರ್ಮ್, ಟ್ರೈನಿಂಗ್, ಡೆಪಾಸಿಟ್, ಹೆಸರು ಏನಾದರೂ ಇರಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಟ್ಟು ಬರಬೇಡಿ. ನನ್ನ ಹತ್ತಿರ ಒಬ್ಬ ಹುಡುಗಿ ಅಳುತ್ತಾ ಬಂದಿದ್ದಳು. ಅಮ್ಮನ ಓಲೆ ಅಡ ಇಟ್ಟು ದುಡ್ಡು ಕಟ್ಟಿದ್ದಳು. ಆ ಏಜೆಂಟನ ಫೋನ್ ಸ್ವಿಚ್ ಆಫ್. ಇನ್ನು ಕಾಂಟ್ರ್ಯಾಕ್ಟ್ ಕೆಲಸಕ್ಕೆ ಸೇರುವುದಾದರೆ ಸೇರಿ, ತಪ್ಪಿಲ್ಲ. ಪಿಎಫ್ ಇದೆಯಾ, ಯುಎಎನ್ (ಪಿಎಫ್ ಖಾತೆಯ ಗುರುತಿನ ನಂಬರ್) ಯಾವಾಗ ಕೊಡುತ್ತೀರಿ ಅಂತ ಮೊದಲ ದಿನವೇ ಕೇಳಿ. ಪಿಎಫ್‌ಗೆ ನಿಮ್ಮ ಕಡೆಯಿಂದ ನೂರಕ್ಕೆ 12 ಹಿಡಿಯುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ ಬರುತ್ತದೆ. ಹಿಡಿದ ದುಡ್ಡು ನಿಮ್ಮ ಹೆಸರಿಗೆ ಕಟ್ಟಿದ್ದಾರಾ ಅಂತ ಮೊಬೈಲ್‌ನಲ್ಲೇ ನೋಡಬಹುದು. ಮೊಬೈಲ್ ಅದಕ್ಕೆ ಬಳಸಿ.

ಈಗ ನಿಮ್ಮ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಟವೆಲ್ ಹಾಕಿಕೊಂಡ ಯಜಮಾನರು ಆಗಿನಿಂದ ಕೈ ಎತ್ತಿದ್ದಾರೆ. ಹೇಳಿ ಅಣ್ಣ.

(ಪಾವಗಡ ಕಡೆಯಿಂದ ಬಂದಿದ್ದ ರೈತರೊಬ್ಬರು ಕೇಳಿದರು: "ನಾವು ಕಡಲೆಕಾಯಿ ಬೆಳೆಯೋರಮ್ಮ. ಮಗಳು ಬಿಕಾಂ ಕೊನೇ ವರ್ಷ. ನೀವು ಹೇಳೋದೆಲ್ಲ ಸರಿ. ಆದ್ರೆ ನಮಗೆ ಯಾರ ಪರಿಚಯ ಇದೆ? ಒಬ್ಬರೂ ಇಲ್ಲ.")

ಅಣ್ಣ, ನಿಮ್ಮ ಕಡಲೆಕಾಯಿ ಎಲ್ಲಿಗೆ ಹಾಕುತ್ತೀರಿ? ಮಂಡಿಗೆ. ಅಲ್ಲಿ ತೂಕ ಬರೆಯುವವರು ಯಾರು? ಗುಮಾಸ್ತರು. ಅವರನ್ನು ಎಷ್ಟು ವರ್ಷದಿಂದ ನೋಡಿದ್ದೀರಿ? ಇಪ್ಪತ್ತು ವರ್ಷ ಅಂತೀರಿ. ಆ ಮಂಡಿಯ ಕಾಯಿ ಎಣ್ಣೆ ಮಿಲ್‌ಗೆ ಹೋಗುತ್ತದೆ ಅಲ್ವಾ? ಮಿಲ್‌ನಲ್ಲಿ ಲೆಕ್ಕ ಬರೆಯುವವರು ಬೇಕು. ಮಂಡಿಗೂ ಮಿಲ್‌ಗೂ ಇಬ್ಬರಿಗೂ ಆಡಿಟರ್ ಇರುತ್ತಾರೆ, ಅವರ ಆಫೀಸಿನಲ್ಲೂ ಲೆಕ್ಕ ಬರೆಯುವವರು ಬೇಕು. ಮನೆಯಲ್ಲಿ ಹಸು ಇದೆಯಾ? ಹಾಲು ಹಾಕುವ ಡೇರಿಯ ಕಾರ್ಯದರ್ಶಿ ನಿಮ್ಮನ್ನು ದಿನಕ್ಕೆ ಎರಡು ಸಲ ನೋಡುತ್ತಾರೆ. ಇವರಲ್ಲಿ ಯಾರಿಗಾದರೂ ನಿಮ್ಮ ಮಗಳು ಬಿಕಾಂ ಓದುತ್ತಿದ್ದಾಳೆ ಅಂತ ಗೊತ್ತಾ?

(ಇಲ್ಲ ಅಂದರು.)

ಮಂಡಿಗೆ ಮತ್ತೆ ಯಾವಾಗ ಹೋಗುತ್ತೀರಿ? ಗುರುವಾರ. ಸರಿ, ಗುರುವಾರ ಅವಳನ್ನೂ ಕರೆದುಕೊಂಡು ಹೋಗಿ. "ನನ್ನ ಮಗಳು" ಅಂತ ನೀವು ಹೇಳಿ, ಆಮೇಲೆ ಪಕ್ಕದಲ್ಲಿ ನಿಂತುಕೊಳ್ಳಿ. ತನಗೆ ಏನು ಬರುತ್ತದೆ ಅಂತ ಅವಳೇ ಹೇಳಲಿ.